ಗಡ್ಡೆ ಎಣಿಸುವ ಲೆಕ್ಕದಲ್ಲಿ ನಾನು ಎಡವಿದ್ದು

ಫಂಕ್ಷನಲ್ ಫುಡ್ ಅಂದರೆ ಹೊಟ್ಟೆ ತುಂಬಿಸುವುದರ ಜೊತೆಗೆ ಆರೋಗ್ಯಕ್ಕೂ ಲಾಭ ಕೊಡುತ್ತದೆ ಅನ್ನುವ ಆಹಾರ. ಅದು ದೊಡ್ಡ ಕರುಳಿನ ಗಡ್ಡೆಯನ್ನು ತಡೆಯುತ್ತದಾ ಅಂತ ಇಲಿಗಳ ಮೇಲೆ ಪರೀಕ್ಷೆ ಮಾಡುತ್ತಾರೆ. ಇಲಿಗೆ ಅಜಾಕ್ಸಿಮೀಥೇನ್ ಅನ್ನೋ ಕ್ಯಾನ್ಸರ್ ತರುವ ರಾಸಾಯನಿಕ ಚುಚ್ಚಿ ದೊಡ್ಡ ಕರುಳಲ್ಲಿ ಗಡ್ಡೆ ಬರಿಸುತ್ತಾರೆ. ಒಂದು ಗುಂಪಿನ ತಿನಿಸಿಗೆ ಅರಿಶಿನದ ಕರ್ಕ್ಯುಮಿನ್ನೋ ಗೋಧಿ ತೌಡೋ ಬೆರೆಸುತ್ತಾರೆ, ಇನ್ನೊಂದಕ್ಕೆ ಮಾಮೂಲಿ ತಿನಿಸು. ಕೊನೆಗೆ ಕರುಳು ಸೀಳಿ ಗಡ್ಡೆ ಎಣಿಸುತ್ತಾರೆ.

ಎಣಿಸಿದ ಮೇಲೆ ಬರುವ ಎರಡು ಅಂಕಿಗಳಲ್ಲೇ ನಾನು ಮೂರು ದಿನ ಒದ್ದಾಡಿದೆ. ನಮ್ಮ ಹಿರಿಯೂರು ಕಡೆ ದಾಳಿಂಬೆಗೆ ಅಂಗಮಾರಿ ರೋಗ ಬಂದರೆ ಅಪ್ಪ ಎರಡು ಪ್ರಶ್ನೆ ಕೇಳುತ್ತಾರೆ. ನೂರರಲ್ಲಿ ಎಷ್ಟು ಕಾಯಿಗೆ ಚುಕ್ಕೆ ಬಿದ್ದಿದೆ? ಒಂದೊಂದು ಕಾಯಿಗೆ ಎಷ್ಟು ಚುಕ್ಕೆ? ಇಲಿಗಳಲ್ಲೂ ಹಾಗೇ: ಎಷ್ಟು ಇಲಿಗೆ ಗಡ್ಡೆ ಬಂತು ಅನ್ನೋದು ಇನ್ಸಿಡೆನ್ಸ್, ಒಂದೊಂದು ಇಲಿಗೆ ಎಷ್ಟು ಗಡ್ಡೆ ಅನ್ನೋದು ಮಲ್ಟಿಪ್ಲಿಸಿಟಿ. ಇಷ್ಟೇ ಅಲ್ವಾ ಅಂದುಕೊಂಡೆ. ಅಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. ಮಾಮೂಲಿ ತಿನಿಸಿನ 10 ಇಲಿಗಳಲ್ಲಿ 8ಕ್ಕೆ ಗಡ್ಡೆ, ಒಟ್ಟು 24. ತೌಡು ತಿಂದ 10ರಲ್ಲಿ 4ಕ್ಕೆ ಗಡ್ಡೆ, ಒಟ್ಟು 12. ಎಲ್ಲಾ ಇಲಿಗೂ ಹಂಚಿದರೆ 2.4 ಇದ್ದದ್ದು 1.2ಕ್ಕೆ ಇಳಿಯಿತು. ಗಡ್ಡೆ ಬಂದ ಇಲಿಗಳಿಗೆ ಮಾತ್ರ ಹಂಚಿ ನೋಡಿ: 24ನ್ನು 8ಕ್ಕೆ ಹಂಚಿದರೂ 3, 12ನ್ನು 4ಕ್ಕೆ ಹಂಚಿದರೂ 3. ಒಂದೇ ಪ್ರಯೋಗ. ಒಂದು ಕಡೆ ಅರ್ಧ ಕಡಿಮೆ, ಇನ್ನೊಂದು ಕಡೆ ಏನೂ ಇಲ್ಲ! ಹಾಗಾಗಿ ಈಗ ಸಂಶೋಧನಾ ಲೇಖನದ ಟೇಬಲ್ ಕೆಳಗಿನ ಸಣ್ಣಕ್ಷರವನ್ನೇ ಮೊದಲು ಓದುತ್ತೇನೆ, ಯಾವುದರಿಂದ ಭಾಗಿಸಿದ್ದಾರೆ ಅಂತ.

ಆಹಾರ ಯಾವಾಗ ಕೊಟ್ಟರು ಅನ್ನೋದನ್ನೂ ನೋಡಿ. ಅಜಾಕ್ಸಿಮೀಥೇನ್ ಹಾಗೇ ಕೆಲಸ ಮಾಡಲ್ಲ, ಲಿವರ್‌ನ ಕಿಣ್ವ ಅದನ್ನು ಬದಲಾಯಿಸಬೇಕು. ಚುಚ್ಚುವ ಮೊದಲೇ ಕೊಟ್ಟ ಆಹಾರ ಆ ಕಿಣ್ವವನ್ನು ತಡೆದರೂ ಗಡ್ಡೆ ಕಡಿಮೆಯಾಗುತ್ತದೆ. ಆಗ ಕರುಳಿಗೆ ರಕ್ಷಣೆ ಸಿಕ್ಕಿತು ಅನ್ನೋದಕ್ಕಿಂತ ವಿಷವೇ ಮೊಂಡಾಯಿತು ಅನ್ನಬೇಕು. ನನಗೆ ಚುಚ್ಚಿದ ಮೇಲೆ ಕೊಟ್ಟ ಪ್ರಯೋಗಗಳ ಮೇಲೇ ನಂಬಿಕೆ ಜಾಸ್ತಿ.

ಗಡ್ಡೆ ಬರುವವರೆಗೆ ಕಾಯದವರು ಕೆಟ್ಟ ಕ್ರಿಪ್ಟ್ (ಕರುಳಿನ ಒಳಗೋಡೆಯ ಪುಟ್ಟ ಗುಳಿ) ಎಣಿಸುತ್ತಾರೆ. 1987ರಲ್ಲಿ ಸಂಶೋಧಕಿ ರಂಜನಾ ಬರ್ಡ್ ತೋರಿಸಿದ ದಾರಿ ಇದು: ಕರುಳಿಗೆ ಮೀಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣ ಹಚ್ಚಿದರೆ ಕೆಟ್ಟ ಕ್ರಿಪ್ಟ್‌ಗಳು ದಪ್ಪವಾಗಿ, ಗಾಢ ನೀಲಿಯಾಗಿ ಕಾಣುತ್ತವೆ. ಇವುಗಳಲ್ಲಿ ಕೆಲವು ಮಾತ್ರ ಗಡ್ಡೆಯಾಗುತ್ತವೆ.

ಇನ್ನು ಡೋಸ್. (ದೋಸೆ ಅಲ್ಲ, ದಾವಣಗೆರೆಯವರೇ.) ಇಲಿಗೆ ಕೊಟ್ಟ ಡೋಸ್ ಮನುಷ್ಯನಿಗೆ ಎಷ್ಟಾಗುತ್ತದೆ ಅಂತ ತಿಳಿಯಲು, ದೊಡ್ಡ ಇಲಿಯ (ರ್ಯಾಟ್) ಮಿಲಿಗ್ರಾಂ ಪ್ರತಿ ಕೆಜಿ ಅಂಕಿಯನ್ನು 6.2ರಿಂದ ಭಾಗಿಸಿ. 200 ಇದ್ದರೆ ಮನುಷ್ಯನಿಗೆ ಸುಮಾರು 32. ಅರವತ್ತು ಕೆಜಿಯವರಿಗೆ ದಿನಕ್ಕೆ ಎರಡು ಗ್ರಾಂ ಹತ್ತಿರ ಬರುತ್ತದೆ. ಚಿಕ್ಕ ಇಲಿ, ಅಂದರೆ ಮೌಸ್ ಆದರೆ 12.3ರಿಂದ ಭಾಗಿಸಬೇಕು. ನಾನು ಎರಡಕ್ಕೂ 6.2 ಹಾಕಿ ಬೈಸಿಕೊಂಡಿದ್ದೆ.