ನೆರವಿಗೆ ಅರ್ಹರಲ್ಲ ಎಂದಾಗ: ಅಮೆರಿಕದ ಕಾಲೇಜುಗಳಲ್ಲಿ ಮೆರಿಟ್ ಹಣ ಹುಡುಕುವ ಬಗೆ

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳು ಮಕ್ಕಳ ಕಾಲೇಜು ಖರ್ಚಿನ ವಿಷಯದಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಎರಡು ಕಡೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯವರು ಫೆಡರಲ್ (ಕೇಂದ್ರ) ಸರ್ಕಾರದ ನೆರವಿಗೆ ಹಾಕುವ ಫಾಫ್ಸಾ ಅರ್ಜಿ ತುಂಬಿದರೆ ಬರುವ ‘ಸ್ಟೂಡೆಂಟ್ ಏಡ್ ಇಂಡೆಕ್ಸ್’ (ಮನೆಯವರೇ ಭರಿಸಬಲ್ಲರು ಎಂದು ಲೆಕ್ಕ ಹಾಕಿದ ಮೊತ್ತ) ಎಷ್ಟೋ ಸಲ ಕಾಲೇಜಿನ ಇಡೀ ವರ್ಷದ ಖರ್ಚನ್ನೇ ಮುಟ್ಟಿಬಿಡುತ್ತದೆ. ಅಂದರೆ ಸರ್ಕಾರದ ಲೆಕ್ಕದಲ್ಲಿ ಅವರಿಗೆ ನೆರವಿನ ಅಗತ್ಯವೇ ಇಲ್ಲ. ಇನ್ನೊಂದು ಕಡೆ ಎಚ್-1ಬಿ ಕೆಲಸದ ವೀಸಾದ ಕುಟುಂಬಗಳು. ಮಕ್ಕಳು ಅವರ ಅವಲಂಬಿತರಿಗೆ ಸಿಗುವ ಎಚ್-4 ವೀಸಾದಲ್ಲಿದ್ದರೆ ಆದಾಯ ಎಷ್ಟು ಕಡಿಮೆಯಿದ್ದರೂ ಫೆಡರಲ್ ನೆರವು ಇಲ್ಲ. ಅದು ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ಕಾನೂನು ಹೆಸರಿಸಿದ ಕೆಲವೇ ವರ್ಗಗಳಿಗೆ ಮಾತ್ರ. ಸಾಲದ್ದಕ್ಕೆ 2024-25ರಿಂದ ಲೆಕ್ಕದ ಸೂತ್ರವೂ ಬದಲಾಗಿದೆ. ಮೊದಲು ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ತಂದೆತಾಯಿಯ ಪಾಲು ಇಬ್ಬರಿಗೂ ಹಂಚಿಹೋಗುತ್ತಿತ್ತು. ಈಗ ಫಾಫ್ಸಾದಲ್ಲಿ ಆ ಹಂಚಿಕೆ ಇಲ್ಲ. ಅವಳಿ ಮಕ್ಕಳಿರುವ ಮನೆಗೆ ಇದು ದೊಡ್ಡ ಪೆಟ್ಟು.

ಈ ಎರಡೂ ಬಗೆಯ ಮನೆಗಳಿಗೆ ಉಳಿಯುವುದು ಮೆರಿಟ್ ಸ್ಕಾಲರ್‌ಶಿಪ್. ಮಕ್ಕಳ ಜಾಣ್ಮೆಗೆ ಸಿಗುವ ಬಹುಮಾನ ಎಂದು ಅದನ್ನು ಭಾವಿಸಿದರೆ ಹುಡುಕಾಟ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಅದು ಕಾಲೇಜು ತನಗೆ ಬೇಕಾದ ವಿದ್ಯಾರ್ಥಿಯನ್ನು ಕರೆತರಲು ಶುಲ್ಕದಲ್ಲಿ ಬಿಡುವ ರಿಯಾಯಿತಿ. ಎಂಥ ವಿದ್ಯಾರ್ಥಿ ಬೇಕು, ಎಷ್ಟು ಬೇಕು ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಬಾಗಿಲಲ್ಲಿ ಸಾಲು ನಿಂತಿರುವ ಕಾಲೇಜು ರಿಯಾಯಿತಿ ಕೊಡುವುದಿಲ್ಲ. ಐವಿ ಲೀಗ್‌ನ ಎಂಟು ವಿಶ್ವವಿದ್ಯಾಲಯಗಳು, ಎಂಐಟಿ, ಆಮ್ಹರ್ಸ್ಟ್, ವಿಲಿಯಮ್ಸ್ ಇವೆಲ್ಲ ಓದಿನ ಮೆರಿಟ್‌ಗೆ ಒಂದು ಡಾಲರ್ ಕೊಡುವುದಿಲ್ಲ. ಅಲ್ಲಿ ಇರುವುದು ಅಗತ್ಯ ನೋಡಿ ಕೊಡುವ ನೆರವು ಮಾತ್ರ. ಕಾಲೇಜು ಪ್ರವೇಶದ ಪರೀಕ್ಷೆಯಾದ ಎಸ್‌ಎಟಿಯಲ್ಲಿ 1600ಕ್ಕೆ 1600 ಬಂದರೂ ಅಲ್ಲಿನ ಬಿಲ್ಲು ಬದಲಾಗುವುದಿಲ್ಲ. ಅದೇ ಅಂಕಪಟ್ಟಿ ಇನ್ನೊಂದು ಒಳ್ಳೆಯ ಕಾಲೇಜಿನಲ್ಲಿ ಟ್ಯೂಷನ್ (ಬೋಧನಾ ಶುಲ್ಕ) ಪೂರ್ತಿ ಇಳಿಸಬಹುದು.

ಹಾಗಾಗಿ ಕಾಲೇಜುಗಳ ಪಟ್ಟಿಗೆ ಮೊದಲು ಮನೆಯ ಲೆಕ್ಕವಾಗಲಿ. ಸಂಬಳದಿಂದ ವರ್ಷಕ್ಕೆ ಎಷ್ಟು ತೆಗೆಯಬಹುದು, ಕಾಲೇಜು ಖರ್ಚಿಗೆಂದು ಉಳಿಸುವ 529 ಖಾತೆಯಲ್ಲಿ ಎಷ್ಟಿದೆ, ಅದನ್ನು ನಾಲ್ಕರಿಂದ ಭಾಗಿಸಿದರೆ ಎಷ್ಟು, ಎರಡನೆಯ ಮಗುವಿಗೆ ಎಷ್ಟು ಉಳಿಯಬೇಕು, ಎಲ್ಲ ಸೇರಿಸಿ ಒಂದು ಅಂಕಿ ಬರೆದುಕೊಳ್ಳಿ. ಉದಾಹರಣೆಗೆ ವರ್ಷಕ್ಕೆ 35,000 ಡಾಲರ್. ಈ ಅಂಕಿಯನ್ನು ಹನ್ನೊಂದನೇ ತರಗತಿಯಲ್ಲೇ ಮಗಳಿಗೂ ಮಗನಿಗೂ ಹೇಳಿಬಿಡಬೇಕು. ನಮ್ಮವರು ಮಕ್ಕಳ ಮುಂದೆ ದುಡ್ಡಿನ ಮಾತು ಬೇಡವೆಂದು ಸುಮ್ಮನಿರುತ್ತಾರೆ. ಏಪ್ರಿಲ್‌ನಲ್ಲಿ ವರ್ಷಕ್ಕೆ 90,000 ಡಾಲರ್ ಮೀರುವ ಕಾಲೇಜಿನಿಂದ ಪ್ರವೇಶದ ಪತ್ರ ಬಂದ ಮೇಲೆ ‘ಆಗೋದಿಲ್ಲ ಕಣೋ’ ಎನ್ನುವುದು ಮಕ್ಕಳಿಗೆ ಕೊಡುವ ನೋವು, ಅದನ್ನು ತಪ್ಪಿಸಬಹುದು.

ಈಗ ಹಣ ಇರುವ ಜಾಗಗಳು. ಅತ್ಯಂತ ನಂಬಿಕೆಯದ್ದು ಕೋಷ್ಟಕದ ಮೆರಿಟ್. ಅಲಬಾಮಾ ವಿಶ್ವವಿದ್ಯಾಲಯ ಇದಕ್ಕೆ ಹೆಸರಾದದ್ದು: ಹೈಸ್ಕೂಲ್ ಜಿಪಿಎ (ಸರಾಸರಿ ಗ್ರೇಡ್) ಇಷ್ಟು, ಎಸ್‌ಎಟಿ ಅಥವಾ ಅಂಥದೇ ಪರೀಕ್ಷೆಯಾದ ಎಸಿಟಿಯ ಅಂಕ ಇಷ್ಟು, ಹಾಗಿದ್ದರೆ ಹೊರರಾಜ್ಯದ ವಿದ್ಯಾರ್ಥಿಗೆ ವರ್ಷಕ್ಕೆ ಇಷ್ಟು ಹಣ ಎಂದು ಮೊದಲೇ ಪ್ರಕಟಿಸುತ್ತದೆ. ಕೋಷ್ಟಕದ ಮೊತ್ತಗಳು ವರ್ಷವರ್ಷ ಬದಲಾಗುತ್ತವೆ. ಅಕ್ಕನಿಗೆ ಸಿಕ್ಕಿದ್ದು ತಮ್ಮನಿಗೂ ಸಿಗುತ್ತದೆ ಎಂದು ಕೂರಬೇಡಿ, ಮಗು ಸೇರುವ ವರ್ಷದ ಪುಟವನ್ನೇ ನೋಡಿ. ಕೋಷ್ಟಕದಲ್ಲಿ ಗೆರೆಯ ಮೇಲಿದ್ದೀರೋ ಕೆಳಗಿದ್ದೀರೋ ಎಂಬುದೇ ಎಲ್ಲ. ಎಸಿಟಿಯ 32 ಅಂಕಕ್ಕೆ ಸಮನಾದ ಎಸ್‌ಎಟಿ ಅಂಕ 1420ರಿಂದ ಶುರು. ಗೆರೆ ಅಲ್ಲಿ ಬಿದ್ದಿದ್ದು ನಿಮ್ಮ ಹುಡುಗನದು 1410 ಆಗಿದ್ದರೆ, ಆ 10 ಅಂಕಕ್ಕಾಗಿ ಇನ್ನೊಂದು ಸಲ ಪರೀಕ್ಷೆ ಬರೆಯುವುದು ಸಾವಿರಾರು ಡಾಲರಿನ ಕೆಲಸ. ‘ಟೆಸ್ಟ್ ಆಪ್ಷನಲ್’ ಎಂಬ ಮಾತನ್ನೂ ಪೂರ್ತಿ ಓದಬೇಕು. ಪ್ರವೇಶಕ್ಕೆ ಅಂಕ ಬೇಡ ಎಂದ ಕಾಲೇಜೇ ದೊಡ್ಡ ಸ್ಕಾಲರ್‌ಶಿಪ್‌ಗೆ ಅಂಕ ಕೇಳುವುದುಂಟು.

ಎರಡನೆಯದು ಸ್ಪರ್ಧೆಯ ಮೆರಿಟ್. ವ್ಯಾಂಡರ್‌ಬಿಲ್ಟ್‌ನ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್, ಡ್ಯೂಕ್‌ನ ಎ.ಬಿ. ಡ್ಯೂಕ್, ನಾರ್ತ್ ಕ್ಯಾರೊಲಿನಾದ ಮೋರ್‌ಹೆಡ್-ಕೇನ್, ವರ್ಜೀನಿಯಾದ ಜೆಫರ್ಸನ್, ಇವು ಟ್ಯೂಷನ್ ಪೂರ್ತಿ ಅಥವಾ ಎಲ್ಲ ಖರ್ಚನ್ನೂ ಹೊರುವಂಥವು. ಆದರೆ ಸಿಗುವುದು ಬೆರಳೆಣಿಕೆಯವರಿಗೆ. ಅರ್ಜಿ ಹಾಕಿ, ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇವುಗಳ ಕೆಳಗಿನ ಮಟ್ಟದಲ್ಲಿ, ಕೇಸ್ ವೆಸ್ಟರ್ನ್ ರಿಸರ್ವ್, ರೋಚೆಸ್ಟರ್, ಟ್ಯುಲೇನ್‌ನಂಥ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ, ಅಗತ್ಯ ನೋಡದೆ ಕೊಡುವ ಹಣ ಹೆಚ್ಚು ಮಂದಿಗೆ ಹೋಗುತ್ತದೆ. ಮಧ್ಯಮ ವರ್ಗದ ಮನೆಗೆ ನಿಜವಾದ ಹುಡುಕಾಟ ಇಲ್ಲೇ ಇದೆ.

ಮೂರನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ: ಹೊರರಾಜ್ಯದ ಶುಲ್ಕವನ್ನೇ ತಗ್ಗಿಸುವ ದಾರಿಗಳು. ಪಶ್ಚಿಮದ ರಾಜ್ಯಗಳ ನಡುವೆ ‘ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್’ ಎಂಬ ಒಪ್ಪಂದವಿದೆ. ಅದರಲ್ಲಿರುವ ಸರ್ಕಾರಿ ಕಾಲೇಜಿಗೆ ಹೋದರೆ ಅಲ್ಲಿನ ನಿವಾಸಿ ಶುಲ್ಕದ 150%ಕ್ಕಿಂತ ಹೆಚ್ಚು ಟ್ಯೂಷನ್ ಕೊಡಬೇಕಿಲ್ಲ. ಕ್ಯಾಲಿಫೋರ್ನಿಯಾದ ಮಕ್ಕಳಿಗೂ ಇದು ಉಂಟು. ಆದರೆ ಕಾಲೇಜು ಕೆಲವು ಕೋರ್ಸ್‌ಗಳನ್ನು ಹೊರಗಿಟ್ಟಿರಬಹುದು, ಸೀಟಿಗೆ ಮಿತಿಯೂ ಇರಬಹುದು. ದಕ್ಷಿಣ, ಮಧ್ಯಪಶ್ಚಿಮ ಮತ್ತು ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲೂ ಇಂಥ ಒಪ್ಪಂದಗಳಿವೆ. ಟೆಕ್ಸಸ್‌ನದು ಇನ್ನೂ ವಿಶೇಷ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯ ಕನಿಷ್ಠ 1,000 ಡಾಲರಿನ ಸ್ಪರ್ಧಾತ್ಮಕ ಸ್ಕಾಲರ್‌ಶಿಪ್ ಕೊಟ್ಟರೆ, ಹೊರರಾಜ್ಯದವರಿಗೂ ಹೊರದೇಶದವರಿಗೂ ನಿವಾಸಿ ಶುಲ್ಕ ಹಾಕಲು ರಾಜ್ಯದ ಕಾನೂನು ಅವಕಾಶ ಕೊಡುತ್ತದೆ. ಪತ್ರದಲ್ಲಿ 1,000 ಎಂದು ಕಂಡದ್ದು ಬಿಲ್ಲಿನಲ್ಲಿ ಹಲವು ಸಾವಿರವಾಗಬಹುದು. ಹೀಗೆ ಶುಲ್ಕ ಬಿಡುವ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಇರುವುದರಿಂದ, ಸ್ಕಾಲರ್‌ಶಿಪ್ ಜತೆ ಶುಲ್ಕ ವಿನಾಯಿತಿಯೂ ಇದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಜಾರ್ಜಿಯಾದ ಹೋಪ್, ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್ ಆಯಾ ರಾಜ್ಯದ ನಿವಾಸಿಗಳಿಗೆ ಒಳ್ಳೆಯ ಹಣ ಕೊಡುತ್ತವೆ, ಆದರೆ ಅವಕ್ಕೂ ಪೌರತ್ವ ಅಥವಾ ಗ್ರೀನ್ ಕಾರ್ಡ್‌ನಂಥ ಅರ್ಹತೆ ಬೇಕು.

ಯಾವ ಕಾಲೇಜು ನಿಜಕ್ಕೂ ಕೊಡುತ್ತದೆ ಎಂದು ತಿಳಿಯಲು ಜಾಹೀರಾತು ಬೇಡ. ‘ಕಾಮನ್ ಡೇಟಾ ಸೆಟ್’ ಎಂಬ ಕಡತವನ್ನು ಹೆಚ್ಚಿನ ಕಾಲೇಜುಗಳು ಪ್ರತಿವರ್ಷ ಪ್ರಕಟಿಸುತ್ತವೆ. ಕಾಲೇಜಿನ ಹೆಸರಿನ ಜತೆ ಈ ಪದಗಳನ್ನು ಹಾಕಿ ಹುಡುಕಿದರೆ ಸಿಗುತ್ತದೆ. ನೇರವಾಗಿ ಎಚ್ ವಿಭಾಗಕ್ಕೆ ಹೋಗಿ. ಎಚ್2 ಕೋಷ್ಟಕದ ಮೊದಲ ಕಾಲಂ ಹೊಸದಾಗಿ ಸೇರಿದವರದು. ಅದರಲ್ಲಿ ‘ಎ’ ಸಾಲು ಒಟ್ಟು ವಿದ್ಯಾರ್ಥಿಗಳು, ‘ಸಿ’ ಸಾಲು ಅಗತ್ಯ ಇದೆ ಎಂದು ತೀರ್ಮಾನವಾದವರು. ‘ಎ’ಯಲ್ಲಿ ‘ಸಿ’ ಕಳೆದರೆ ನಿಮ್ಮಂಥ ಮನೆಗಳ ಮಕ್ಕಳು. ಕೆಳಗಿನ ಎಚ್2ಎ ಕೋಷ್ಟಕದ ‘ಎನ್’ ಸಾಲಿನಲ್ಲಿ ಅಗತ್ಯವಿಲ್ಲದಿದ್ದರೂ ಕಾಲೇಜಿನಿಂದ ಹಣ ಪಡೆದವರ ಸಂಖ್ಯೆ, ‘ಒ’ ಸಾಲಿನಲ್ಲಿ ತಲಾ ಸರಾಸರಿ ಮೊತ್ತ ಇರುತ್ತದೆ. ಕ್ರೀಡೆಯ ಹಣ ಇದರಲ್ಲಿ ಸೇರಿಲ್ಲ. ‘ಎ’ 1,500, ‘ಸಿ’ 700, ‘ಎನ್’ 400, ‘ಒ’ 22,000 ಎಂದಿಟ್ಟುಕೊಳ್ಳಿ. ಅಗತ್ಯವಿಲ್ಲದ 800 ಮಂದಿಯಲ್ಲಿ 400 ಮಂದಿಗೆ, ಅಂದರೆ ಅರ್ಧದಷ್ಟು ಜನರಿಗೆ, ಸರಾಸರಿ 22,000 ಡಾಲರ್ ಸಿಕ್ಕಿದೆ. ಇದು ಪಟ್ಟಿಗೆ ಸೇರಬೇಕಾದ ಕಾಲೇಜು. ಅದೇ 800ರಲ್ಲಿ 12 ಮಂದಿಗೆ 60,000 ಎಂದಿದ್ದರೆ ಸರಾಸರಿ ನೋಡಿ ಮರುಳಾಗಬೇಡಿ, ಅದು ಲಾಟರಿ. ಆಮೇಲೆ ಸಿ9ಕ್ಕೆ ಬನ್ನಿ. ಸೇರಿದವರ ಎಸ್‌ಎಟಿ ಅಂಕದ 75ನೇ ಪರ್ಸೆಂಟೈಲ್‌ಗಿಂತ ನಿಮ್ಮ ಮಗುವಿನ ಅಂಕ ಮೇಲಿದ್ದರೆ ಆ ಕಾಲೇಜಿಗೆ ನೀವು ಬೇಕಾದವರು. ಎಚ್-4 ಮಕ್ಕಳೂ ಕರ್ನಾಟಕದಿಂದ ನೇರ ಹೋಗುವವರೂ ಎಚ್6 ನೋಡಬೇಕು. ಹೊರದೇಶದ ವಿದ್ಯಾರ್ಥಿಗಳಿಗೆ ಹಣ ಉಂಟೇ, ಎಷ್ಟು ಮಂದಿಗೆ, ಸರಾಸರಿ ಎಷ್ಟು ಎಂಬುದೆಲ್ಲ ಅಲ್ಲಿದೆ.

ಪ್ರತಿ ಕಾಲೇಜಿನ ತಾಣದಲ್ಲೂ ಇರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಬಳಸುವಾಗ ಒಂದು ಗುರುತು ನೆನಪಿಡಿ. ಅದು ಜಿಪಿಎ ಮತ್ತು ಪರೀಕ್ಷೆಯ ಅಂಕ ಕೇಳಿದರೆ ಮೆರಿಟ್ ಸೇರಿಸಿ ಲೆಕ್ಕ ಹಾಕುವ ಸಾಧ್ಯತೆ ಹೆಚ್ಚು. ಬರೀ ಆದಾಯ ಕೇಳಿದರೆ ಅದರ ಉತ್ತರ ನಿಮಗೆ ಕೆಲಸಕ್ಕೆ ಬಾರದು.

ಕಾಲಕ್ಕೆ ತಪ್ಪುವುದೇ ದೊಡ್ಡ ನಷ್ಟ. ಹನ್ನೊಂದನೇ ತರಗತಿಯ ಅಕ್ಟೋಬರ್‌ನ ಪಿಎಸ್‌ಎಟಿ ಪರೀಕ್ಷೆಯೇ ನ್ಯಾಷನಲ್ ಮೆರಿಟ್ ಎಂಬ ದೇಶಮಟ್ಟದ ಸ್ಕಾಲರ್‌ಶಿಪ್ ಸ್ಪರ್ಧೆಗೆ ದಾರಿ. ಗೆರೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್‌ಗಳಲ್ಲಿ ಎತ್ತರ. ಆ ಸಂಸ್ಥೆ ನೇರವಾಗಿ ಕೊಡುವ 2,500 ಡಾಲರ್ ಒಂದೇ ಸಲದ್ದು, ಚಿಕ್ಕದು. ಫೈನಲಿಸ್ಟ್ ಆದವರಿಗೆ ಯೂಟಿ ಡಲ್ಲಾಸ್, ಅಲಬಾಮಾದಂಥ ವಿಶ್ವವಿದ್ಯಾಲಯಗಳು ತಾವೇ ಕೊಡುವುದು ದೊಡ್ಡದು. ಅದೇ ಹನ್ನೊಂದನೇ ತರಗತಿಯಲ್ಲಿ ರೆನ್ಸಲೇರ್ ಪಾಲಿಟೆಕ್ನಿಕ್‌ನ ರೆನ್ಸಲೇರ್ ಮೆಡಲ್ ಬರುತ್ತದೆ. ಗಣಿತ ವಿಜ್ಞಾನದಲ್ಲಿ ಮುಂದಿರುವ ವಿದ್ಯಾರ್ಥಿಯನ್ನು ಹೈಸ್ಕೂಲೇ ಆರಿಸಿ ಕಳಿಸಬೇಕು. ಕೌನ್ಸೆಲರ್ ಬಳಿ ಚಳಿಗಾಲದಲ್ಲೇ ಕೇಳದಿದ್ದರೆ ಹೆಸರು ಹೋಗುವುದೇ ಇಲ್ಲ. ಹನ್ನೆರಡನೇ ತರಗತಿಯಲ್ಲಿ, ಪ್ರವೇಶದ ಗಡುವು ಜನವರಿಯಲ್ಲಿದ್ದರೂ ಮೆರಿಟ್‌ನ ಗಡುವು ನವೆಂಬರ್ 1 ಅಥವಾ ಡಿಸೆಂಬರ್ 1 ಆಗಿರಬಹುದು. ಹೀಗಾಗಿ ಅರ್ಲಿ ಆ್ಯಕ್ಷನ್ ಹಾಕಿ, ಅಂದರೆ ಸೇರಲೇಬೇಕೆಂಬ ಕಟ್ಟಿಲ್ಲದೆ ಬೇಗ ಹಾಕುವ ಅರ್ಜಿ. ಅರ್ಲಿ ಡಿಸಿಷನ್ ಮಾತ್ರ ಬೇಡ. ಅದು ಸಿಕ್ಕರೆ ಸೇರುತ್ತೇವೆ ಎಂದು ಸಹಿ ಹಾಕಿ ಕೊಡುವ ಮಾತು. ಸೇರುವುದು ಖಚಿತವಾದವರಿಗೆ ರಿಯಾಯಿತಿ ಕೊಡಲು ಕಾಲೇಜಿಗೆ ಕಾರಣವಿಲ್ಲ, ಬೇರೆ ಕಾಲೇಜಿನ ಪತ್ರದ ಜತೆ ಹೋಲಿಸಲು ನಿಮಗೂ ಅವಕಾಶವಿಲ್ಲ. ಇನ್ನೊಂದು ಮಾತು: ಕೆಲವು ಕಾಲೇಜುಗಳು ಮೆರಿಟ್‌ಗೂ ಫಾಫ್ಸಾ ಅಥವಾ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ನೆರವಿನ ಅರ್ಜಿ ಕೇಳುತ್ತವೆ. ನೆರವು ಸಿಗುವುದಿಲ್ಲವೆಂದು ತುಂಬದೆ ಬಿಟ್ಟರೆ ಮೆರಿಟ್ ಕಡತವೂ ಅಲ್ಲೇ ನಿಲ್ಲುತ್ತದೆ.

ಪತ್ರ ಬಂದ ಮೇಲೆ ಕಾಗದ ಪೆನ್ನು ಹಿಡಿದು ಕೂರಿ. ಮೇಲೆ ಒಟ್ಟು ಖರ್ಚು: ಟ್ಯೂಷನ್, ಫೀ, ಹಾಸ್ಟೆಲ್, ಊಟ, ಪುಸ್ತಕ, ಪ್ರಯಾಣ, ಆರೋಗ್ಯ ವಿಮೆ. ಅದರಲ್ಲಿ ಕಳೆಯಬೇಕಾದ್ದು ಗ್ರಾಂಟ್ ಮತ್ತು ಸ್ಕಾಲರ್‌ಶಿಪ್ ಎರಡನ್ನೇ. ಕೆಳಗೆ ‘ನಿಮ್ಮ ನೆರವು’ ಎಂಬ ತಲೆಬರಹದಲ್ಲಿ ಫೆಡರಲ್ ಸಾಲ 5,500 ಎಂದೋ ತಂದೆತಾಯಿ ತೆಗೆಯುವ ಪೇರೆಂಟ್ ಪ್ಲಸ್ ಎಂದೋ ಇರಬಹುದು. ಅದು ಸಾಲ, ಹೊಡೆದು ಹಾಕಿ. ಆಮೇಲೆ ನಾಲ್ಕು ವರ್ಷಕ್ಕೆ ಬೆಳೆಸಿ. ಟ್ಯೂಷನ್ 45,000, ಸ್ಕಾಲರ್‌ಶಿಪ್ ಪ್ರತಿವರ್ಷ ಬದಲಾಗದ 20,000, ಟ್ಯೂಷನ್ ವರ್ಷಕ್ಕೆ 4% ಏರುತ್ತದೆ ಎಂದುಕೊಳ್ಳಿ. 25,000ವನ್ನು ನಾಲ್ಕರಿಂದ ಗುಣಿಸಿ ಒಂದು ಲಕ್ಷ ಎಂದುಕೊಂಡವರಿಗೆ ನಿಜವಾಗಿ ಬೀಳುವುದು ಸುಮಾರು 1,11,000, ಏಕೆಂದರೆ ನಾಲ್ಕನೇ ವರ್ಷದ ಟ್ಯೂಷನ್ 50,600ರ ಮೇಲಿರುತ್ತದೆ. ‘ಟ್ಯೂಷನ್ ಪೂರ್ತಿ’ ಎಂದಿದ್ದರೆ ಈ ಏರಿಕೆ ಕಾಲೇಜಿನ ತಲೆಯ ಮೇಲೆ. ‘ಇಷ್ಟು ಡಾಲರ್’ ಎಂದಿದ್ದರೆ ನಿಮ್ಮ ಮೇಲೆ.

ಅದೇ ಪತ್ರದ ಸಣ್ಣ ಅಕ್ಷರದಲ್ಲಿ ಮುಂದುವರಿಕೆಯ ಷರತ್ತು ಇರುತ್ತದೆ. 3.0 ಜಿಪಿಎ ಕೇಳಿದರೆ ನಿರಾಳ. 3.5 ಕೇಳಿ ಮಗ ಎಂಜಿನಿಯರಿಂಗ್ ಸೇರಿದರೆ ಮೊದಲ ವರ್ಷದ ಕ್ಯಾಲ್ಕುಲಸ್, ಫಿಸಿಕ್ಸ್‌ನಲ್ಲೇ ಅದು ಜಾರಬಹುದು. ವರ್ಷಕ್ಕೆ ಎಷ್ಟು ಕ್ರೆಡಿಟ್ ಮುಗಿಸಬೇಕು, ಜಿಪಿಎ ಇಳಿದರೆ ಎಚ್ಚರಿಕೆಯ ಒಂದು ಸೆಮಿಸ್ಟರ್ ಕೊಡುತ್ತಾರೋ, ಕೋರ್ಸ್ ಬದಲಿಸಿದರೆ ಹಣ ಉಳಿಯುತ್ತದೋ, ಎಂಟು ಸೆಮಿಸ್ಟರ್ ದಾಟಿದರೆ ಏನು, ಈ ನಾಲ್ಕನ್ನೂ ಇಮೇಲ್‌ನಲ್ಲೇ ಕೇಳಿ.

ಎಚ್-4 ಮನೆಯವರು ಐದನೆಯ ಪ್ರಶ್ನೆಯನ್ನೂ ಕೇಳಬೇಕು. ಮಗುವಿಗೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಸಾಮಾನ್ಯವಾಗಿ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು, ಅದೂ ಮೂರನೆಯ ಅಥವಾ ನಾಲ್ಕನೆಯ ವರ್ಷದ ನಡುವೆ. ಹಲವು ರಾಜ್ಯಗಳು ಎಚ್-4 ಮಕ್ಕಳಿಗೆ ನಿವಾಸಿ ಶುಲ್ಕ ಕೊಡುತ್ತವೆ, ಎಫ್-1ಗೆ ಕೊಡುವುದಿಲ್ಲ. ವೀಸಾ ಬದಲಾದರೆ ನಿವಾಸಿ ಶುಲ್ಕ ಉಳಿಯುತ್ತದೆಯೇ, ಸ್ಕಾಲರ್‌ಶಿಪ್ ಉಳಿಯುತ್ತದೆಯೇ ಎಂದು ಸೇರುವ ಮೊದಲೇ ರಿಜಿಸ್ಟ್ರಾರ್ ಕಚೇರಿಗೂ ನೆರವಿನ ಕಚೇರಿಗೂ ಬೇರೆ ಬೇರೆಯಾಗಿ ಬರೆದು ಕೇಳಿ. ಇಬ್ಬರ ಉತ್ತರ ಒಂದೇ ಆಗಿರಬೇಕು.

ಹೊರಗಿನ ಸಂಘಸಂಸ್ಥೆಗಳ ಸ್ಕಾಲರ್‌ಶಿಪ್ ಹೆಚ್ಚಾಗಿ ಒಂದು ವರ್ಷದ್ದು, ಮೊತ್ತವೂ ಸಣ್ಣದು. ಅದು ಬಂದರೆ ತನ್ನ ಹಣವನ್ನು ಅಷ್ಟು ಇಳಿಸುವ ಕಾಲೇಜುಗಳೂ ಇವೆ. ಸ್ಕಾಲರ್‌ಶಿಪ್ ಹಾಸ್ಟೆಲ್, ಊಟಕ್ಕೂ ಸಿಕ್ಕಿದ್ದರೆ ಆ ಭಾಗ ತೆರಿಗೆಗೆ ಒಳಪಡುವ ಆದಾಯ. ಎಫ್-1 ವಿದ್ಯಾರ್ಥಿಯಾದರೆ ಕಾಲೇಜು ಸಾಮಾನ್ಯವಾಗಿ 14% ಹಿಡಿದುಕೊಳ್ಳುತ್ತದೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಪಿಯುಸಿ ಮುಗಿಸಿ ಹೋಗುವವರು ಎಡವುವುದು ಅಂಕಪಟ್ಟಿಯಲ್ಲಿ. ಅಮೆರಿಕದ ಕಾಲೇಜು ನೋಡುವುದು 9ರಿಂದ 12ನೇ ತರಗತಿಯ ನಾಲ್ಕೂ ವರ್ಷ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ಅಂಕಪಟ್ಟಿ ಜೋಪಾನವಾಗಿರುತ್ತದೆ. ಒಂಬತ್ತನೇ ತರಗತಿಯದೂ ಪ್ರಥಮ ಪಿಯುನದೂ ಕಳೆದುಹೋಗಿರುತ್ತದೆ. ಆ ಎರಡನ್ನೂ ಶಾಲೆ ಕಾಲೇಜಿನ ಮೊಹರಿನೊಂದಿಗೆ ಮೊದಲೇ ಪಡೆದಿಡಿ. ಶೇಕಡಾವಾರನ್ನು ನೀವೇ ಜಿಪಿಎಗೆ ಇಳಿಸಿ ಬರೆಯಬೇಡಿ, ಆ ಕೆಲಸ ಕಾಲೇಜು ಮಾಡಿಕೊಳ್ಳಲಿ. ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರಕ್ಕೆ ತೋರಿಸಬೇಕಾದ ಹಣದಲ್ಲಿ ಸ್ಕಾಲರ್‌ಶಿಪ್‌ನಷ್ಟು ಕಡಿಮೆಯಾಗುತ್ತದೆ, ಆದ್ದರಿಂದ ಸ್ಕಾಲರ್‌ಶಿಪ್ ಪತ್ರ ಕೈಸೇರಿದ ಮೇಲೆ ಬ್ಯಾಂಕಿನ ಕಾಗದ ಮಾಡಿಸಿ.

ಕೊನೆಗೆ ಎರಡು ಪತ್ರಗಳು ಉಳಿದು, ಇಷ್ಟವಾದ ಕಾಲೇಜು ದುಬಾರಿಯಾಗಿದ್ದರೆ ಕೇಳಲು ನಾಚಬೇಡಿ. ಕೋಷ್ಟಕ ಇಟ್ಟುಕೊಂಡ ಸರ್ಕಾರಿ ವಿಶ್ವವಿದ್ಯಾಲಯ ಬಗ್ಗುವುದು ಅಪರೂಪ. ಖಾಸಗಿ ಕಾಲೇಜು ಬಗ್ಗಬಹುದು. ಏಪ್ರಿಲ್ ಮೊದಲ ವಾರದಲ್ಲಿ ಪ್ರವೇಶ ಕಚೇರಿಗೆ ಅರ್ಧ ಪುಟದ ಪತ್ರ ಸಾಕು. ನಿಮ್ಮ ಕಾಲೇಜೇ ಮೊದಲ ಆಯ್ಕೆ, ಸಮಾನ ಮಟ್ಟದ ಇಂಥ ಕಾಲೇಜು ಇಷ್ಟು ಕೊಟ್ಟಿದೆ, ನಮ್ಮಿಂದ ವರ್ಷಕ್ಕೆ ಇಷ್ಟು ಸಾಧ್ಯ, ಮರುಪರಿಶೀಲನೆ ಸಾಧ್ಯವೇ ಎಂದು ಬರೆದು, ಆ ಇನ್ನೊಂದು ಪತ್ರದ ಪ್ರತಿ ಮತ್ತು ಹನ್ನೆರಡನೇ ತರಗತಿಯ ಹೊಸ ಅಂಕಗಳನ್ನು ಜತೆಗಿಡಿ. ಪತ್ರವನ್ನು ಮಗಳೇ ಬರೆದು ಕಳಿಸಲಿ. ಉತ್ತರ ಬರುವವರೆಗೆ ಎಲ್ಲಿಗೂ ಡಿಪಾಸಿಟ್ ಕಟ್ಟಬೇಡಿ. ಹೆಚ್ಚಿನ ಕಾಲೇಜುಗಳಿಗೆ ಅದರ ಗಡುವು ಮೇ 1.