ಕಣ್ಗಾವಲು ಮತ್ತು ಖಾಸಗಿತನ: ‘ಮುಚ್ಚಿಡೋಕೆ ನನ್ನ ಹತ್ತಿರ ಏನಿದೆ?’

ಪರೀಕ್ಷೆಗೆ ಈ ಅಧ್ಯಾಯ ಓದುವಾಗ ಒಂದು ಮಾತು ಬಂದೇ ಬರುತ್ತದೆ. ‘ನಾನೇನೂ ತಪ್ಪು ಮಾಡಿಲ್ಲ, ನೋಡಿದ್ರೆ ನೋಡ್ಲಿ ಬಿಡು.’ ಇದಕ್ಕೆ ಸರಿಯಾದ ಉತ್ತರ ಕೊಡಲು ಬಂದರೆ ಅರ್ಧ ಅಧ್ಯಾಯ ಅರ್ಥವಾದ ಹಾಗೆಯೇ. ಅದಕ್ಕೇ ಟಿಪ್ಪಣಿಯನ್ನು ಈ ಮಾತಿನ ಸುತ್ತಲೇ ಬರೆದಿದ್ದೇನೆ.

ಹಿನ್ನೆಲೆ ಚಿಕ್ಕದು. 1890ರಲ್ಲಿ ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಇಬ್ಬರು ಅಮೆರಿಕನ್ ವಕೀಲರು ‘ಹಾರ್ವರ್ಡ್ ಲಾ ರಿವ್ಯೂ’ನಲ್ಲಿ ಒಂದು ಲೇಖನ ಬರೆದರು. ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕು, ಅದು ಅವನ ಹಕ್ಕು ಎಂಬುದು ಅವರ ವಾದ. ಆಗ ಅವರನ್ನು ಕಾಡಿದ್ದು ಥಟ್ಟನೆ ಫೋಟೊ ತೆಗೆಯುವ ಕ್ಯಾಮೆರಾ ಮತ್ತು ಊರವರ ಮನೆ ವಿಷಯ ಅಚ್ಚು ಹಾಕುವ ಪತ್ರಿಕೆಗಳು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 12ನೇ ವಿಧಿಯಲ್ಲೂ ಖಾಸಗಿತನ ಜಾಗ ಪಡೆಯಿತು.

ಇನ್ನೊಂದು ಹೆಸರು ಇಂಗ್ಲಿಷ್ ತತ್ವಜ್ಞಾನಿ ಜೆರೆಮಿ ಬೆಂಥಾಮ್. 18ನೇ ಶತಮಾನದ ಕೊನೆಯಲ್ಲಿ ಅವನು ‘ಪನಾಪ್ಟಿಕಾನ್’ ಎಂಬ ಜೈಲಿನ ನಕ್ಷೆ ಕೊಟ್ಟ. ನಡುವೆ ಕಾವಲು ಗೋಪುರ, ಸುತ್ತಲೂ ಕೋಣೆಗಳು. ಕಾವಲುಗಾರ ತಮ್ಮ ಕಡೆ ನೋಡುತ್ತಿದ್ದಾನೋ ಇಲ್ಲವೋ ಎಂದು ಕೈದಿಗಳಿಗೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಯಾರೂ ನೋಡದಿದ್ದಾಗಲೂ ಅವರು ಅಂಕೆಯಲ್ಲೇ ಇರುತ್ತಾರೆ. 1975ರಲ್ಲಿ ಫ್ರೆಂಚ್ ಚಿಂತಕ ಮಿಶೆಲ್ ಫೂಕೋ ಇದನ್ನೇ ಹಿಡಿದು, ಆಧುನಿಕ ಸಮಾಜದಲ್ಲಿ ಅಧಿಕಾರ ಹೀಗೆಯೇ ನಡೆಯುತ್ತದೆ, ಜನ ತಮ್ಮನ್ನು ತಾವೇ ಕಾಯತೊಡಗುತ್ತಾರೆ ಎಂದ. ಇದು ಬರೀ ತತ್ವ ಅಲ್ಲ. 2013ರಲ್ಲಿ ಅಮೆರಿಕದ ಗೂಢಚರ್ಯೆ ಬಯಲಾದ ಮೇಲೆ, ಭಯೋತ್ಪಾದನೆಗೆ ಸಂಬಂಧಿಸಿದ ವಿಕಿಪೀಡಿಯ ಪುಟಗಳನ್ನು ತೆರೆದು ಓದುವವರು ಕಡಿಮೆಯಾದರು ಎಂದು ಒಂದು ಅಧ್ಯಯನ ತೋರಿಸಿತು. ಬರೀ ಓದುವುದಕ್ಕೂ ಜನ ಹಿಂಜರಿದರು ಅಂದರೆ ಯೋಚಿಸಿ.

ಈಗ ಮುಖ್ಯ ಭಾಗ. 2013ರ ಜೂನ್‌ನಲ್ಲಿ, ಅಮೆರಿಕದ ಗೂಢಚರ್ಯೆ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆ ತಂದ ದಾಖಲೆಗಳಲ್ಲಿ ಮೊದಲು ಸುದ್ದಿಯಾದದ್ದು ಒಂದು ಕೋರ್ಟ್ ಆದೇಶ. ವೆರಿಜಾನ್ ಫೋನ್ ಕಂಪನಿ ತನ್ನ ಗ್ರಾಹಕರ ಕರೆಗಳ ವಿವರವನ್ನು ದಿನವೂ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಮಾತಿನ ರೆಕಾರ್ಡಿಂಗ್ ಅದರಲ್ಲಿ ಇರಲಿಲ್ಲ. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಇಂಥ ವಿವರ ಮಾತ್ರ. ಇದಕ್ಕೆ ಮೆಟಾಡೇಟಾ ಎನ್ನುತ್ತಾರೆ. ‘ಮಾತು ಕೇಳಿಸಿಕೊಳ್ಳಲ್ವಲ್ಲ, ಮತ್ತೇನು ತೊಂದರೆ?’ ಎಂದು ಅನಿಸುತ್ತದೆ ಅಲ್ವಾ?

ಒಂದು ಕಾಲ್ಪನಿಕ ಪಟ್ಟಿ ನೋಡಿ. ಒಬ್ಬಾಕೆ ಬೆಳಿಗ್ಗೆ ಹತ್ತಕ್ಕೆ ಕ್ಯಾನ್ಸರ್ ಪರೀಕ್ಷೆ ಮಾಡುವ ಲ್ಯಾಬಿನಿಂದ ಬಂದ ಕರೆ ತೆಗೆದುಕೊಂಡಳು, ಮೂರು ನಿಮಿಷ. ಮರುಕ್ಷಣವೇ ಅಕ್ಕನಿಗೆ ಫೋನ್, ಐವತ್ತು ನಿಮಿಷ. ಮಧ್ಯಾಹ್ನ ವಿಮೆ ಕಂಪನಿಗೆ, ಸಂಜೆ ಉಯಿಲು ಬರೆಯುವ ವಕೀಲರಿಗೆ. ಒಂದು ಮಾತೂ ನಮ್ಮ ಕಿವಿಗೆ ಬಿದ್ದಿಲ್ಲ. ಆದರೂ ಅವಳು ಗಂಡನಿಗೆ ಇನ್ನೂ ಹೇಳದ ಸುದ್ದಿಯನ್ನು ನಾವು ಊಹಿಸಿಬಿಟ್ಟೆವು. ಊಹೆ ತಪ್ಪಾಗಿದ್ದರೆ ಇನ್ನೂ ಕಷ್ಟ. ಆ ತಪ್ಪು ಅವಳ ಹೆಸರಿನಲ್ಲಿ ಎಲ್ಲೋ ದಾಖಲಾಗುತ್ತದೆ, ತಿದ್ದಿಸಲು ಅವಳಿಗೆ ಅದು ಇದೆ ಎಂದೇ ಗೊತ್ತಿರುವುದಿಲ್ಲ.

‘ಹೆಸರು ತೆಗೆದುಬಿಟ್ಟರೆ ಆಯ್ತಲ್ಲ’ ಎನ್ನುವುದು ಮುಂದಿನ ಸಮಾಧಾನ. ಇದೂ ನಿಲ್ಲುವುದಿಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು, ವಿಳಾಸ ಅಳಿಸಿ ಸಂಶೋಧಕರಿಗೆ ಕೊಟ್ಟಿತು. ಹುಟ್ಟಿದ ದಿನ, ಗಂಡೋ ಹೆಣ್ಣೋ ಎಂಬುದು, ಅಂಚೆಯ ಪಿನ್ ಕೋಡ್ ಹಾಗೇ ಉಳಿದಿದ್ದವು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು, ರಾಜ್ಯದ ಗವರ್ನರ್ ಇದ್ದ ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ಕೊಂಡು ಎರಡನ್ನೂ ಹೋಲಿಸಿದಳು. ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂವರು. ಗವರ್ನರ್ ಮನೆಯ ಪಿನ್ ಕೋಡ್ ಇದ್ದದ್ದು ಆ ಮೂವರಲ್ಲಿ ಒಬ್ಬರಿಗೆ ಮಾತ್ರ. ಗವರ್ನರ್ ಅವರ ವೈದ್ಯಕೀಯ ದಾಖಲೆ ಸಿಕ್ಕಿಬಿಟ್ಟಿತು! ಈ ಮೂರೇ ವಿವರಗಳಿಂದ ಅಮೆರಿಕದ ಶೇ 87ರಷ್ಟು ಜನರನ್ನು ಗುರುತಿಸಬಹುದು ಎಂದು ಆಕೆ ಮುಂದೆ ಲೆಕ್ಕ ಹಾಕಿದಳು. ಫೋನ್ ಇರುವ ಜಾಗದ ಮಾಹಿತಿ ಇನ್ನೂ ಚುರುಕು. 15 ಲಕ್ಷ ಜನರ ಮೊಬೈಲ್ ಡೇಟಾ ನೋಡಿದ 2013ರ ಅಧ್ಯಯನದಲ್ಲಿ, ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕು ಬಿಂದುಗಳು ಶೇ 95ರಷ್ಟು ಜನರನ್ನು ಉಳಿದವರಿಂದ ಬೇರೆ ಮಾಡಲು ಸಾಕಾದವು.

ಈಗ ಮೊದಲ ಮಾತಿಗೆ ಉತ್ತರ ಬರೆಯಬಹುದು. ‘ಮುಚ್ಚಿಡೋಕೆ ಏನಿದೆ’ ಎನ್ನುವವರು, ತಾವು ಕೊಟ್ಟದ್ದನ್ನು ಮಾತ್ರ ಇತರರು ನೋಡುತ್ತಾರೆ ಎಂದುಕೊಂಡಿರುತ್ತಾರೆ. ನಿಜದಲ್ಲಿ, ಕೊಟ್ಟ ಚೂರುಗಳಿಂದ ಕೊಡದೇ ಇದ್ದದ್ದನ್ನೂ ತೆಗೆಯುತ್ತಾರೆ. ಅದನ್ನು ನೋಡಿ ಯಾರೋ ಸಾಲ, ಕೆಲಸ, ವಿಮೆಯ ಬಗ್ಗೆ ತೀರ್ಮಾನ ಮಾಡುತ್ತಾರೆ. ಅವರಿಗೆ ನಾವು ಪೂರ್ತಿ ಕಾಣುತ್ತೇವೆ, ನಮಗೆ ಅವರು ಕಾಣುವುದೇ ಇಲ್ಲ. ಮುಚ್ಚಿಡುವ ಪ್ರಶ್ನೆಗಿಂತ ಈ ಏರುಪೇರಿನ ಪ್ರಶ್ನೆ ದೊಡ್ಡದು ಎಂದು ನನಗೆ ಬಲವಾಗಿ ಅನಿಸುತ್ತದೆ.

ಹಾಗಂತ ಕಣ್ಗಾವಲೇ ಬೇಡ ಎಂದು ಒಂದೇ ಕಡೆಗೆ ವಾಲಬೇಡಿ. ಕಳೆದುಹೋದ ಮಗುವನ್ನು ಹುಡುಕಲು ಕ್ಯಾಮೆರಾ ಬೇಕು, ರೋಗ ಹರಡುವುದನ್ನು ತಡೆಯಲು ಮಾಹಿತಿ ಬೇಕು. ಅದಕ್ಕೇ ಕಾನೂನು ಕೇಳುವ ಪ್ರಶ್ನೆಗಳು ಬೇರೆ. ಇದಕ್ಕೆ ಕಾನೂನಿನ ಆಧಾರ ಇದೆಯಾ? ಉದ್ದೇಶ ಸರಿಯಾದದ್ದಾ? ಇದಿಲ್ಲದೆ ಆಗುವುದೇ ಇಲ್ವಾ? ಆಗುವ ಲಾಭಕ್ಕೆ ಹೋಲಿಸಿದರೆ ಹಾನಿ ಜಾಸ್ತಿಯಾ? 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಮಾಹಿತಿ ರಕ್ಷಣೆ ಕಾನೂನು ಜಿಡಿಪಿಆರ್ ಇನ್ನೊಂದು ಷರತ್ತು ಹಾಕುತ್ತದೆ. ಒಂದು ಕೆಲಸಕ್ಕೆಂದು ತೆಗೆದುಕೊಂಡ ಮಾಹಿತಿಯನ್ನು ಅದಕ್ಕೆ ಹೊಂದದ ಇನ್ನೊಂದು ಕೆಲಸಕ್ಕೆ ಸುಮ್ನೆ ಬಳಸುವಂತಿಲ್ಲ.

ಉತ್ತರದಲ್ಲಿ ಒಂದು ಉದಾಹರಣೆಗೆ ಇವನ್ನು ಹಚ್ಚಿ ತೋರಿಸಿ. ಗೋದಾಮಿನ ಬಾಗಿಲಲ್ಲಿ ಕಳ್ಳತನ ತಡೆಯಲು ಕ್ಯಾಮೆರಾ ಹಾಕಿದ್ದಾರೆ, ಚಿತ್ರ ವಾರದ ಮೇಲೆ ಅಳಿಸಿಹೋಗುತ್ತದೆ. ಇದು ಪಾಸಾಗಬಹುದು. ಅದೇ ಚಿತ್ರವನ್ನು ವರ್ಷಗಟ್ಟಲೆ ಇಟ್ಟುಕೊಂಡು, ಮುಖ ಗುರುತಿಸುವ ಸಾಫ್ಟ್‌ವೇರ್ ಸೇರಿಸಿ, ಯಾವ ಕೆಲಸಗಾರ ಎಷ್ಟು ಸಲ ಹೊರಗೆ ಹೋದ, ಯಾರ ಜೊತೆ ನಿಂತು ಮಾತಾಡಿದ ಎಂದು ಲೆಕ್ಕ ಇಟ್ಟರೆ? ಕ್ಯಾಮೆರಾ ಅದೇ, ಗೋಡೆ ಅದೇ. ಆದರೆ ಮೊದಲ ಪ್ರಶ್ನೆಯಿಂದಲೇ ಉತ್ತರ ಬದಲಾಗುತ್ತದೆ. ಪಾಸ್‌ವರ್ಡ್ ಕಳವಾದರೆ ಬೇರೆ ಇಡಬಹುದು, ಮುಖಕ್ಕೆ ಆ ದಾರಿ ಇಲ್ಲ ಎಂಬುದನ್ನೂ ಅಲ್ಲೇ ಸೇರಿಸಿ.