ಎತ್ತರದ ಹುಡುಗನನ್ನು ಸಹಾಯಕ ಕೋಚ್ ರಿಂಗ್ ಕೆಳಗೇ ಯಾಕೆ ನಿಲ್ಲಿಸುತ್ತಾರೆ?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ, 6 ಅಡಿ 2 ಇಂಚು ಇದ್ದಾನೆ. ಮಂಡ್ಯದಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಯುತ್ತಿದ್ದಾನೆ, ಸೆಂಟರ್ (ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರ) ಜಾಗದಲ್ಲಿ ಆಡಿಸುತ್ತಾರೆ. ಬೇರೆ ಹುಡುಗರು ಮ್ಯಾಚ್ ಆಡುವಾಗ ಸಹಾಯಕ ಕೋಚ್ ಇವನೊಬ್ಬನನ್ನೇ ಪಕ್ಕಕ್ಕೆ ಕರೆದು ಅರ್ಧ ಗಂಟೆ ರಿಂಗ್ ಕೆಳಗೆ ಒಂದೇ ಶಾಟ್ ಹೊಡೆಸುತ್ತಾರೆ. ಹುಡುಗನಿಗೆ ಬೇಜಾರು. ಇದರಿಂದ ಏನಾದರೂ ಉಪಯೋಗ ಇದೆಯಾ?

ಖಂಡಿತ ಇದೆ. ಎತ್ತರದ ಮಕ್ಕಳ ಅಪ್ಪ ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಾನು ಮೈಸೂರಿನಲ್ಲಿ ಮಾಡುವುದೂ ಸಹಾಯಕ ಕೋಚ್ ಕೆಲಸವೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮುಖ್ಯ ಕೋಚ್ ತಲೆಯಲ್ಲಿ 12 ಹುಡುಗರು ಇರುತ್ತಾರೆ. ಒಬ್ಬನ ಎಡಗಾಲು ಎಲ್ಲಿ ಬಿತ್ತು ಅಂತ ನೋಡಲು ಅವರಿಗೆ ಪುರುಸೊತ್ತು ಇರುವುದಿಲ್ಲ. ಆದರೆ ಸೆಂಟರ್‌ಗೆ ಕಾಲೇ ಮುಖ್ಯ. ಮಿಕ್ಕವರು ಹೆಚ್ಚಾಗಿ ರಿಂಗ್ ನೋಡಿಕೊಂಡು ಆಡುತ್ತಾರೆ, ಇವನು ರಿಂಗ್‌ಗೆ ಬೆನ್ನು ಹಾಕಿ ಬಾಲ್ ಹಿಡಿಯಬೇಕು, ಹಿಂದಿನಿಂದ ಒಬ್ಬ ತಳ್ಳುತ್ತಲೇ ಇರುತ್ತಾನೆ, ಪೇಂಟ್ ಅಂದರೆ ರಿಂಗ್ ಮುಂದೆ ಗೆರೆ ಹಾಕಿದ ಚೌಕದ ಒಳಗೆ 3 ಸೆಕೆಂಡ್‌ಗಿಂತ ಜಾಸ್ತಿ ನಿಂತರೆ ಬಾಲ್ ಎದುರಾಳಿಗೆ ಹೋಗುತ್ತದೆ. ಇದನ್ನೆಲ್ಲ ಮ್ಯಾಚ್ ಆಡುತ್ತಾ ಆಡುತ್ತಾ ಕಲಿಯುವುದು ಕಷ್ಟ.

ದಸರಾ ಕುಸ್ತಿ ನೋಡಿದ್ದೀರಾ? ಪೈಲ್ವಾನರು ಕಾಲು ಅಗಲಿಸಿ, ಸೊಂಟ ತಗ್ಗಿಸಿ ನಿಲ್ಲುತ್ತಾರಲ್ಲ, ಸೆಂಟರ್ ಕೂಡ ಹಾಗೇ ನಿಲ್ಲಬೇಕು. ಉದ್ದದ ಹುಡುಗರು ಇದಕ್ಕೆ ಒಪ್ಪುವುದೇ ಇಲ್ಲ, ನೆಟ್ಟಗೆ ನಿಲ್ಲುತ್ತಾರೆ, ಕುಳ್ಳ ಹುಡುಗ ಬಂದು ಒಂದು ಸಲ ತಳ್ಳಿದರೆ ಆಚೆ ಹೋಗುತ್ತಾರೆ. ಹಾಸಿಗೆ ಅಂಗಡಿಯಿಂದ ತಂದ ದಪ್ಪ ಫೋಮ್ ಹಿಡಿದು ನಾನೇ ಹಿಂದಿನಿಂದ ತಳ್ಳುತ್ತೇನೆ. ಹತ್ತು ದಿನದಲ್ಲಿ ಹುಡುಗ ತಾನಾಗೇ ತಗ್ಗಲು ಶುರು ಮಾಡುತ್ತಾನೆ.

ಇನ್ನು ಆ ಒಂದೇ ಶಾಟ್. ನೀವು ಹೇಳಿದ್ದನ್ನು ನೋಡಿದರೆ ಅದು ಬಹುಶಃ ಮೈಕನ್ ಡ್ರಿಲ್. ಬಲಗಡೆ ಎಡಗಾಲಿನ ಮೇಲೆ ಹಾರಿ ಬಲಗೈಯಲ್ಲಿ ಹಾಕುವುದು, ನೆಟ್‌ನಿಂದ ಬೀಳುವ ಬಾಲನ್ನು ನೆಲ ಮುಟ್ಟಿಸದೆ ಹಿಡಿಯುವುದು, ಎಡಗಡೆ ಹೋಗಿ ಎಡಗೈಯಲ್ಲಿ ಹಾಕುವುದು, ನಿಲ್ಲಿಸದೆ ಮತ್ತೆ ಬಲಗಡೆ. ಈ ಡ್ರಿಲ್‌ಗೆ ಹೆಸರು ಬಂದದ್ದು ಅಮೆರಿಕದ ಆಟಗಾರ ಜಾರ್ಜ್ ಮೈಕನ್ ಅವರಿಂದ. ಅವರು 6 ಅಡಿ 10 ಇಂಚು ಇದ್ದವರು, ಕನ್ನಡಕದವರು, ಕಾಲೇಜಿಗೆ ಬಂದಾಗ ಕೈಕಾಲು ಹಿಡಿತದಲ್ಲಿರಲಿಲ್ಲ. 1942ರಲ್ಲಿ ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಬಂದ ಕೋಚ್ ರೇ ಮೇಯರ್, ಮೈಕನ್‌ಗೆ ಹಗ್ಗ ಜಿಗಿಯುವುದನ್ನು ಮಾಡಿಸಿದರು, ಡ್ಯಾನ್ಸ್ ಕೂಡ ಕಲಿಸಿದರು, ಎರಡೂ ಕೈಯಲ್ಲಿ ಸಾವಿರಾರು ಶಾಟ್ ಹೊಡೆಸಿದರು. ಮುಂದೆ ಮೈಕನ್ ತಮ್ಮ ಕಾಲದ ಅತಿ ದೊಡ್ಡ ಸೆಂಟರ್ ಆದರು. ದೊಡ್ಡ ತಂಡಗಳೂ ಇದನ್ನೇ ಮಾಡುತ್ತವೆ. 2005ರಲ್ಲಿ ಅಮೆರಿಕದ ಲೇಕರ್ಸ್ ತಂಡ 17 ವರ್ಷದ ಸೆಂಟರ್ ಆಂಡ್ರ್ಯೂ ಬೈನಮ್‌ನನ್ನು ತೆಗೆದುಕೊಂಡಾಗ, ಅವನನ್ನು ತಿದ್ದಲೆಂದೇ ಹಿಂದಿನ ಹೆಸರಾಂತ ಸೆಂಟರ್ ಕರೀಂ ಅಬ್ದುಲ್ ಜಬ್ಬಾರ್ ಅವರನ್ನು ವಿಶೇಷ ಸಹಾಯಕ ಕೋಚ್ ಆಗಿ ಕರೆಸಿತು.

ನಮ್ಮಲ್ಲಿ ಒಬ್ಬ ಹುಡುಗ ಇದ್ದ. ರಿಬೌಂಡ್, ಅಂದರೆ ಶಾಟ್ ತಪ್ಪಿ ರಿಂಗ್‌ನಿಂದ ವಾಪಸ್ ಬರುವ ಬಾಲ್, ಚೆನ್ನಾಗಿ ಹಿಡಿಯುತ್ತಿದ್ದ, ಹಿಡಿದ ತಕ್ಷಣ ಬಾಲನ್ನು ಸೊಂಟದ ಹತ್ತಿರ ಇಳಿಸುತ್ತಿದ್ದ, ಎದುರಾಳಿ ತಂಡದ ಪುಟ್ಟ ಹುಡುಗ ಬಂದು ತಟ್ಟಿಕೊಂಡು ಓಡುತ್ತಿದ್ದ. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಒಂದು ದಿನ ಪಕ್ಕದಲ್ಲೇ ನಿಂತು, ಅವನು ಇಳಿಸಿದಾಗಲೆಲ್ಲ ನಾನೇ ಕಿತ್ತುಕೊಂಡೆ. ಹತ್ತರಲ್ಲಿ ಏಳು ಸಲ. "ಸಾರ್, ಬಿಡಿ ಸಾರ್" ಅಂದ. "ಬಾಲ್ ಕೆಳಗಿಳಿದರೆ ನಿನ್ನ ಎತ್ತರಕ್ಕೆ ಬೆಲೆ ಎಲ್ಲಿದೆ ಮರಿ, ಗಲ್ಲದ ಹತ್ತಿರ ಹಿಡಿ, ಮೊಣಕೈ ಆಚೆ ಇಡು" ಅಂದೆ. ಮುಂದಿನ ವಾರ ಎರಡು ಸಲ ಮಾತ್ರ ಸಿಕ್ಕಿತು. ಅವತ್ತು ಅವನ ಮುಖ ನೋಡಬೇಕಿತ್ತು ನೀವು!

ಫೌಲ್ ವಿಷಯವೂ ಹೀಗೇ. 5 ಫೌಲ್ ಆದರೆ ಹೊರಗೆ. ಶಾಟ್ ತಡೆಯುವಾಗ ಕೈ ಕೆಳಗೆ ಬೀಸದೆ ನೇರ ಮೇಲಕ್ಕೆ ಹಾರುವುದನ್ನು ಯಾರಾದರೂ ಪಕ್ಕದಲ್ಲೇ ನಿಂತು ಕಲಿಸಬೇಕು.

ಮಂಡಿ ಬಗ್ಗೆ ಒಂದು ಮಾತು. ಬೇಗ ಬೆಳೆಯುವ ವಯಸ್ಸು, ನಮ್ಮ ಕಡೆ ಬಹಳ ಅಂಕಣಗಳು ಸಿಮೆಂಟಿನವು. ಮಂಡಿ ಚಿಪ್ಪಿನ ಕೆಳಗೆ ನೋವು ಅಥವಾ ಊತ ಇದ್ದರೆ ಮಕ್ಕಳು ಮುಖ್ಯ ಕೋಚ್‌ಗೆ ಹೇಳುವುದಿಲ್ಲ, ತಂಡದಿಂದ ತೆಗೆದುಬಿಡುತ್ತಾರೆ ಅನ್ನುವ ಹೆದರಿಕೆ. ದಿನಾ ಹತ್ತಿರ ಇರುವ ಸಹಾಯಕ ಕೋಚ್‌ಗೆ ಅದು ಹೆಜ್ಜೆಯಲ್ಲೇ ಗೊತ್ತಾಗುತ್ತದೆ. ಆಗ ಹಾರಾಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಡಾಕ್ಟರು ಒಪ್ಪಿದರೆ ಆ ದಿನಗಳಲ್ಲಿ ನಿಂತಲ್ಲೇ ಫ್ರೀ ಥ್ರೋ ಹೊಡೆಯಲಿ.

ಒಂದು ವಿಷಯದಲ್ಲಿ ಮಾತ್ರ ನಾನು ನಿಮ್ಮ ಮಗನ ಪಕ್ಷ. ಅವನು ಇನ್ನು ಬೆಳೆಯದೇ ಇದ್ದರೆ ಮುಂದೆ ದೊಡ್ಡವರ ತಂಡದಲ್ಲಿ 6 ಅಡಿ 2 ಇಂಚಿಗೆ ಸೆಂಟರ್ ಜಾಗ ಸಿಗುವುದು ಕಷ್ಟ. ಡ್ರಿಬ್ಲಿಂಗ್, ಪಾಸ್, ದೂರದ ಶಾಟ್ ಎಲ್ಲ ಈಗಲೇ ಬೇಕು. ಕಲಿತದ್ದನ್ನು ಅವತ್ತೇ ಮ್ಯಾಚ್‌ನಲ್ಲಿ ಆಡಿ ನೋಡುವುದೂ ಬೇಕು. ಸಹಾಯಕ ಕೋಚ್ ಹತ್ತಿರ ಹೋಗಿ ನಿಧಾನವಾಗಿ ಕೇಳಿ: "ಸಾರ್, 20 ನಿಮಿಷ ನಿಮ್ಮ ಹತ್ತಿರ ಕಲಿಯಲಿ, ಕೊನೆಯ 10 ನಿಮಿಷ ಎಲ್ಲರ ಜೊತೆ ಆಡಲು ಬಿಡ್ತೀರಾ?" ನನ್ನನ್ನು ಯಾರಾದರೂ ಹೀಗೆ ಕೇಳಿದರೆ ನಾನಂತೂ ಇಲ್ಲ ಅನ್ನುವುದಿಲ್ಲ.